ಎಷ್ಟು ಹೊತ್ತು ಹಳೆಯದಾಗಿರಬಹುದು? ಕ್ಯಾಶ್ ಆಯ್ಕೆಗೆ ಮುನ್ನ ಕೇಳಬೇಕಾದದ್ದು

ವೆಬ್ ಅಪ್ಲಿಕೇಶನ್ ನಿಧಾನವಾಗಿದೆ ಎಂಬ ದೂರು ಬಂದ ಕೂಡಲೇ ಕ್ಯಾಶ್‌ಗೆ, ಅಂದರೆ ಮತ್ತೆ ಮತ್ತೆ ಬೇಕಾಗುವ ಮಾಹಿತಿಯ ಪ್ರತಿಯನ್ನು ಬೇಗ ಸಿಗುವಂತೆ ಇಟ್ಟುಕೊಳ್ಳುವ ಜಾಗಕ್ಕೆ, ರೆಡಿಸ್ (ಮೆಮೊರಿಯಲ್ಲಿ ಮಾಹಿತಿ ಇಡುವ ತಂತ್ರಾಂಶ) ಬೇಕೇ, ಸಿಡಿಎನ್ (ಬಳಕೆದಾರರಿಗೆ ಹತ್ತಿರವಿರುವ ಸರ್ವರುಗಳ ಜಾಲ) ಸಾಕೇ ಎಂಬ ಚರ್ಚೆ ಶುರುವಾಗುತ್ತದೆ. ಅದಕ್ಕೂ ಮೊದಲು ನಾನು ಕೇಳಿಕೊಳ್ಳುವುದು ಎರಡೇ ಪ್ರಶ್ನೆ: ಈ ಮಾಹಿತಿ ಎಷ್ಟು ಹೊತ್ತು ಹಳೆಯದಾಗಿ ಉಳಿದರೂ ಯಾರಿಗೂ ತೊಂದರೆಯಾಗದು, ಮತ್ತು ಅದು ಎಲ್ಲರಿಗೂ ಒಂದೇಯೋ, ಒಬ್ಬೊಬ್ಬರಿಗೂ ಬೇರೆಯೋ?

ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕಡತಗಳ ವಿಷಯ ಸುಲಭ. ಕಡತದ ಹೆಸರಿನಲ್ಲಿಯೇ ಹ್ಯಾಶ್ (ಒಳಗಿನ ವಿಷಯದಿಂದ ಲೆಕ್ಕಹಾಕಿದ ಗುರುತು) ಸೇರಿಸಿ, ಸರ್ವರ್ ಉತ್ತರದೊಂದಿಗೆ ಕಳಿಸುವ ಕ್ಯಾಶ್ ಸೂಚನೆಯಲ್ಲಿ ಮ್ಯಾಕ್ಸ್-ಏಜ್ (ಪ್ರತಿಯನ್ನು ಎಷ್ಟು ಹೊತ್ತು ಬಳಸಬಹುದು ಎಂಬ ಮಿತಿ) 31536000 ಸೆಕೆಂಡು, ಅಂದರೆ ಒಂದು ವರ್ಷ, ಎಂದು ಕೊಟ್ಟರಾಯಿತು. ಒಳಗಿನದು ಬದಲಾದಾಗ ಹೆಸರೂ ಬದಲಾಗುತ್ತದೆ. ಎಚ್‌ಟಿಎಂಎಲ್ ಪುಟಗಳಿಗೆ ನೋ-ಕ್ಯಾಶ್ ಸೂಚನೆ ಮತ್ತು ಇಟ್ಯಾಗ್ (ಪುಟದ ಆವೃತ್ತಿಯ ಗುರುತು) ಜೋಡಿ ಒಳ್ಳೆಯದು. ನೋ-ಕ್ಯಾಶ್ ಎಂದರೆ ಇಟ್ಟುಕೊಳ್ಳಬೇಡ ಎಂದಲ್ಲ, ಸರ್ವರನ್ನು ಕೇಳದೆ ಬಳಸಬೇಡ ಎಂದು. ಇಟ್ಟುಕೊಳ್ಳಲೇಬಾರದು ಎನ್ನಲು ನೋ-ಸ್ಟೋರ್ ಇದೆ. ಲಾಗಿನ್ ಆದವರ ಪುಟಕ್ಕೆ ಪ್ರೈವೇಟ್ ಎಂದು ಬರೆಯುವುದನ್ನು ಮಾತ್ರ ಮರೆಯಬಾರದು, ಏಕೆಂದರೆ ಒಬ್ಬರ ಪುಟ ನಡುವಿನ ಹಂಚಿಕೆಯ ಕ್ಯಾಶ್‌ನಲ್ಲಿ ಉಳಿದು ಇನ್ನೊಬ್ಬರಿಗೆ ಕಾಣಿಸಿದರೆ ಅದು ಬರಿಯ ವೇಗದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನಿಜವಾದ ಕಷ್ಟವಿರುವುದು ಡೇಟಾಬೇಸ್ ಮುಂದಿನ ಕ್ಯಾಶ್‌ನಲ್ಲಿ. ಅಲ್ಲಿ ಬಹುತೇಕರು ಆರಿಸುವುದು ಕ್ಯಾಶ್-ಅಸೈಡ್ ವಿಧಾನ: ಮೊದಲು ಕ್ಯಾಶ್‌ನಲ್ಲಿ ನೋಡಿ, ಇಲ್ಲದಿದ್ದರೆ ಡೇಟಾಬೇಸಿನಿಂದ ಓದಿ ಅಲ್ಲಿಡುವುದು, ಬರೆಯುವಾಗ ಡೇಟಾಬೇಸಿಗೆ ಬರೆದು, ಕ್ಯಾಶ್‌ನಲ್ಲಿರುವುದನ್ನು ಅಳಿಸುವುದು. ನನ್ನ ಆಯ್ಕೆಯೂ ಸಾಮಾನ್ಯವಾಗಿ ಇದೇ. ಆದರೆ ಒಮ್ಮೆ ಲಾಗ್‌ಗಳ ಮುಂದೆ ಇಡೀ ಮಧ್ಯಾಹ್ನ ಕುಳಿತ ಮೇಲಷ್ಟೇ ಅದರ ಬಿರುಕು ನನಗೆ ಕಂಡಿತು. ಒಂದು ವಿನಂತಿ ಡೇಟಾಬೇಸಿನಿಂದ ದಾಸ್ತಾನು 5 ಎಂದು ಓದಿ, ಇನ್ನೂ ಕ್ಯಾಶ್‌ಗೆ ಹಾಕಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ವಿನಂತಿ ಅದನ್ನು 4 ಎಂದು ಬರೆದು ಕ್ಯಾಶ್ ಅಳಿಸಿತು. ಆಮೇಲೆ ಮೊದಲನೆಯದು ಎಚ್ಚೆತ್ತು, ತನ್ನ ಕೈಯಲ್ಲಿದ್ದ ಹಳೆಯ 5ನ್ನು ತಂದಿಟ್ಟಿತು. ಕ್ಯಾಶ್‌ನಲ್ಲಿ ಅದಕ್ಕೆ ಕೊಟ್ಟ ಅವಧಿ ಮುಗಿಯುವವರೆಗೂ ಆ ತಪ್ಪು ಸಂಖ್ಯೆಯೇ ಎಲ್ಲರಿಗೂ ಕಾಣುತ್ತಿತ್ತು.

ಫೇಸ್‌ಬುಕ್ ಎಂಜಿನಿಯರುಗಳು ತಮ್ಮ ಕ್ಯಾಶ್ ವ್ಯವಸ್ಥೆಯಾದ ಮೆಮ್‌ಕ್ಯಾಶ್ ಕುರಿತು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಲೀಸ್ ಎಂಬ ಉಪಾಯವಿದೆ. ಕ್ಯಾಶ್‌ನಲ್ಲಿ ಸಿಗದಾಗ ಓದುವವರಿಗೆ ಒಂದು ಟೋಕನ್ ಕೊಡಲಾಗುತ್ತದೆ, ನಡುವೆ ಆ ಕೀ (ಕ್ಯಾಶ್‌ನಲ್ಲಿ ಮಾಹಿತಿಯನ್ನು ಹುಡುಕುವ ಹೆಸರು) ಅಳಿಸಿಹೋದರೆ ಟೋಕನ್ ರದ್ದಾಗಿ ಹಳೆಯ ಮೌಲ್ಯ ಒಳಗೆ ಹೋಗಲಾರದು. ಟೋಕನ್‌ಗಳನ್ನು ಬಿಗಿಹಿಡಿದು ಕೊಡುವುದರಿಂದ, ಜನಪ್ರಿಯ ಕೀಯ ಅವಧಿ ಮುಗಿದೊಡನೆ ನೂರಾರು ವಿನಂತಿಗಳು ಒಟ್ಟಿಗೆ ಡೇಟಾಬೇಸಿನ ಮೇಲೆ ಮುಗಿಬೀಳುವುದೂ ತಪ್ಪುತ್ತದೆ. ಈ ಒಂದೇ ಉಪಾಯ ಎರಡು ಬೇರೆ ಬೇರೆ ತೊಂದರೆಗಳನ್ನು ಕಟ್ಟಿಹಾಕುವುದು ನನಗೆ ಬಹಳ ಇಷ್ಟವಾದ ಸಂಗತಿ.

ಮೊದಲು ಕ್ಯಾಶ್‌ಗೆ ಬರೆದು ಡೇಟಾಬೇಸನ್ನು ನಂತರ ಮುಟ್ಟುವ ರೈಟ್-ಬ್ಯಾಕ್ ವಿಧಾನವನ್ನು ನಾನು ಪುಟವೀಕ್ಷಣೆಯ ಎಣಿಕೆಯಂಥ, ಸ್ವಲ್ಪ ಕಳೆದುಹೋದರೂ ನಡೆಯುವ ಮಾಹಿತಿಗೆ ಮಾತ್ರ ಒಪ್ಪುತ್ತೇನೆ. ದಾಸ್ತಾನಿನ ವಿಷಯದಲ್ಲಿ, ಪಟ್ಟಿಯ ಪುಟ ಕ್ಯಾಶ್‌ನಿಂದಲೇ 30 ಸೆಕೆಂಡು ಹಳೆಯ ಸಂಖ್ಯೆ ತೋರಿಸಲಿ ಎಂದು ಬಿಟ್ಟೆವು. ಗ್ರಾಹಕರು ಖರೀದಿಯನ್ನು ಖಚಿತಪಡಿಸುವಾಗ ಮಾತ್ರ ಕ್ಯಾಶ್ ಇರುವುದನ್ನೇ ಮರೆತು ನೇರವಾಗಿ ಡೇಟಾಬೇಸಿನಿಂದ ಓದುತ್ತೇವೆ.