ಬಿದ್ದ ಗೋಡೆ ನೋಡೋಕೆ ಅಷ್ಟೆತ್ತರ ಯಾಕೆ ಹತ್ತಬೇಕು?

ಊರಿಗೆ ಹೋದಾಗಲೆಲ್ಲ ಅಮ್ಮ ಕೇಳುವ ಪ್ರಶ್ನೆ ಇದು. "ಅಲ್ಲ ಕಣೇ, ಬಿದ್ದ ಗೋಡೆ ನೋಡೋಕೆ ಹಗ್ಗ ಹಿಡ್ಕೊಂಡು ಹತ್ಬೇಕಾ? ನಮ್ಮ ಕಡೆ ಬಿದ್ದ ಗೋಡೆ ಇಲ್ವಾ?" ಪುಣೆಯ ಆಫೀಸಿನಲ್ಲಿರುವ ಧಾರವಾಡದ ಗೆಳತಿಯೂ ಬಿಡುವುದಿಲ್ಲ. "ಮ್ಯಾಲೆ ಹೋದ್ರ ಏನೈತಿ ಅಲ್ಲೆ? ಫೋಟೋ ನೋಡಿದ್ರ ಸಾಲೂದಿಲ್ಲೇನು?"

ಸಾಲುವುದಿಲ್ಲ. ಯಾಕೆ ಅಂತ ಒಂದೇ ಕೋಟೆ ಇಟ್ಟುಕೊಂಡು ಹೇಳುತ್ತೇನೆ. ಅದರ ಹೆಸರು ಜೀವಧನ್.

ಪುಣೆಯಿಂದ ಜುನ್ನರ್‌ಗೆ ನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಅಲ್ಲಿಂದ ಘಾಟ್‌ಘರ್ ಊರು ದಾಟಿ ಮುಂದೆ ಹೋದರೆ ನೆಲ ಒಮ್ಮೆಲೇ ಮುಗಿದುಹೋಗುತ್ತದೆ. ಕೆಳಗೆ ಕೊಂಕಣ. ಅಲ್ಲೇ ಬಂಡೆ ಸೀಳಿ ಮಾಡಿದ ಒಂದು ಇಕ್ಕಟ್ಟಾದ ದಾರಿ ಇದೆ, ಅದೇ ನಾಣೇಘಾಟ್. ಮರಾಠಿಯ ನಾಣೆ ಅಂದರೆ ನಮ್ಮ ನಾಣ್ಯ. ಕಲ್ಯಾಣ, ಸೋಪಾರದ ಬಂದರುಗಳಿಂದ ಸರಕು ಹೊತ್ತು ಮೇಲೆ ಬಂದವರು ಇಲ್ಲಿ ಸುಂಕ ಕೊಡಬೇಕಿತ್ತಂತೆ. ಕಾಸು ಹಾಕುತ್ತಿದ್ದದ್ದು ಇದಕ್ಕೇ ಅಂತ ಜನ ತೋರಿಸುವ ದೊಡ್ಡ ಕಲ್ಲಿನ ಹರವಿ ಈಗಲೂ ದಾರಿಯ ಬದಿಯಲ್ಲಿದೆ.

ದಾರಿಯ ಪಕ್ಕದ ಗುಹೆಯಲ್ಲಿ ಶಾತವಾಹನರ ಬ್ರಾಹ್ಮಿ ಶಾಸನವಿದೆ. ಎರಡು ಸಾವಿರ ವರ್ಷ ಹಳೆಯದು. ರಾಣಿ ನಾಗನಿಕೆಯ ಕಾಲದ್ದು ಅನ್ನುತ್ತಾರೆ. ಯಾವ ಯಾಗ ಮಾಡಿದರು, ಎಷ್ಟು ಹಸು, ಎಷ್ಟು ಕುದುರೆ ದಾನ ಕೊಟ್ಟರು ಅಂತ ಲೆಕ್ಕ ಬರೆದಿದ್ದಾರೆ. ನಾವು ಇವತ್ತು ಬರೆಯುವ ಅಂಕಿಗಳ ತೀರಾ ಹಳೆಯ ರೂಪಗಳಲ್ಲಿ ಕೆಲವು ಈ ಗೋಡೆಯ ಮೇಲಿವೆ. ಹಿಂದಿನ ಗೋಡೆಯಲ್ಲಿ ರಾಜ ರಾಣಿಯರ ಉಬ್ಬುಶಿಲ್ಪಗಳಿದ್ದವು. ಈಗ ಮೇಲೆ ಅವರ ಹೆಸರುಗಳಿವೆ, ಕೆಳಗೆ ಪಾದಗಳ ಗುರುತಿದೆ, ನಡುವೆ ಏನೂ ಇಲ್ಲ. ಆ ಪಾದಗಳ ಮುಂದೆ ನಾನು ಪ್ರತಿಸಲ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ.

ಈ ಘಾಟಿಯ ಕಾವಲಿಗೆ ನಿಂತಿರುವುದೇ ಜೀವಧನ್. ಪಕ್ಕದಲ್ಲಿ ವಾನರಲಿಂಗಿ ಅನ್ನುವ ಒಂಟಿ ಕಲ್ಲುಗೂಟ, ಮುನ್ನೂರು ಅಡಿಗೂ ಜಾಸ್ತಿ ಎತ್ತರ. ಈ ಕಡೆಯ ಬೆಟ್ಟವೆಲ್ಲ ಲಾವಾದ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಆರಿದ್ದು. ಗಟ್ಟಿ ಪದರ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಮೆದು ಪದರ ಸವೆದು ಇಳಿಜಾರಾಗುತ್ತದೆ. ಹಾಗಾಗಿ ಕೋಟೆ ಕಟ್ಟಿದವರಿಗೆ ಗೋಡೆಯ ಕೆಲಸ ಕಡಿಮೆ, ಬೆಟ್ಟವೇ ಗೋಡೆ. ಅವರ ಕೈಚಳಕವೆಲ್ಲ ದಾರಿಯಲ್ಲಿದೆ. ಅದನ್ನು ಕೆಳಗೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲ ಸಲ ಹೋದದ್ದು ಜುಲೈನಲ್ಲಿ. ಕಾಡು ದಾಟಿ ಮೆಟ್ಟಿಲವರೆಗೂ ಹೋದೆವು. ಕಲ್ಲಿನ ಮೇಲೆ ನೀರು ನಲ್ಲಿ ಬಿಟ್ಟ ಹಾಗೆ ಇಳಿಯುತ್ತಿತ್ತು. ಜೊತೆಗೆ ಬಂದಿದ್ದ ಘಾಟ್‌ಘರ್‌ನ ದಾದಾ (ಮರಾಠಿಯಲ್ಲಿ ಅಣ್ಣ ಅಂತ) ಬಂಡೆಯ ಮೇಲೆ ಅಂಗೈ ಒತ್ತಿ ನೋಡಿದರು. ಕೈ ಜಾರಿತು. "ಇವತ್ತು ಬೇಡ ತಾಯಿ" ಅಂದರು ಮರಾಠಿಯಲ್ಲಿ. ವಾಪಸ್ ಬಂದೆವು. ಅವತ್ತು ಕೋಟೆ ಕೈಗೆ ಸಿಗಲಿಲ್ಲ ಅಂತ ಅತ್ತಿದ್ದೇನೆ. ಆದರೆ ಅವರ ಮಾತು ಸರಿಯಾಗಿತ್ತು. ಮಳೆಗಾಲದಲ್ಲಿ ಈ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಅದಕ್ಕೆ ಯಾವ ಶೂ ಕೂಡ ನಿಲ್ಲುವುದಿಲ್ಲ.

ಎರಡನೇ ಸಲ ಡಿಸೆಂಬರ್. ಕಲ್ಲು ಒಣಗಿ ಒರಟಾಗಿತ್ತು. ಕಲ್ಯಾಣ ದರವಾಜಾದ ಕಡೆಯ ಮೆಟ್ಟಿಲುಗಳನ್ನು ಬೆಟ್ಟದ ಸಂದಿನಲ್ಲೇ ಕಡಿದಿದ್ದಾರೆ. ಒಂದೊಂದು ಮೆಟ್ಟಿಲೂ ಮೊಣಕಾಲಿನಷ್ಟು ಎತ್ತರ. ಹತ್ತುತ್ತಾ ಹತ್ತುತ್ತಾ ಒಂದು ಕಡೆ ಮೆಟ್ಟಿಲು ನಿಂತುಹೋಗುತ್ತದೆ. ಮುಂದೆ ಎರಡಾಳೆತ್ತರದ ಬರೀ ಬಂಡೆ, ಬೆನ್ನ ಹಿಂದೆ ಕಣಿವೆ. ದಾದಾ ಮೇಲೆ ಹೋಗಿ ಹಗ್ಗ ಬಿಟ್ಟರು. "ಎರಡು ಕೈ, ಎರಡು ಕಾಲು. ಮೂರು ಗಟ್ಟಿಯಾಗಿದ್ದರೆ ಮಾತ್ರ ನಾಲ್ಕನೆಯದನ್ನು ಎತ್ತು. ಹಗ್ಗ ಧೈರ್ಯಕ್ಕೆ, ಭಾರ ಕಲ್ಲಿನ ಮೇಲೆ ಹಾಕು" ಅಂದರು.

ಬಲಗೈ ಮೇಲೆ ಚಾಚಿದೆ. ಬೆರಳು ಒಂದು ಗುಳಿಯೊಳಗೆ ಹೋಯಿತು. ಸಹಜವಾದ ಗುಳಿಯಲ್ಲ, ಉಳಿಯಿಂದ ಕೊರೆದದ್ದು. ಒಳಗಿನ ಅಂಚು ಸ್ವಲ್ಪ ಮೇಲಕ್ಕೆ ಬಾಗಿತ್ತು, ನಾಲ್ಕು ಬೆರಳು ಕೊಕ್ಕೆಯ ಹಾಗೆ ಸಿಕ್ಕಿಕೊಂಡವು. ಅಂಚು ನುಣ್ಣಗೆ ಸವೆದಿತ್ತು, ಮನೆಯ ಹೊಸ್ತಿಲು ಸವೆದಂತೆ. ಕಾಲು ನಡುಗುತ್ತಿತ್ತು, ಬಾಯಿ ಒಣಗಿತ್ತು. ಆದರೂ ತಲೆಯಲ್ಲಿದ್ದದ್ದು ಒಂದೇ ಯೋಚನೆ: ನನ್ನ ಕೈ ಎಲ್ಲಿಗೆ ಬರುತ್ತದೆ ಅಂತ ಯಾರೋ ಲೆಕ್ಕ ಹಾಕಿ ಇದನ್ನು ಕೊರೆದಿದ್ದಾರೆ. ಇದು ಯಾವ ಫೋಟೋದಲ್ಲಿ ಬರುತ್ತದೆ ಹೇಳಿ?

ಮೆಟ್ಟಿಲು ತಾನಾಗೇ ಬಿದ್ದದ್ದಲ್ಲ. 1818ರಲ್ಲಿ ಪೇಶ್ವೆಗಳನ್ನು ಸೋಲಿಸಿದ ಬ್ರಿಟಿಷರು ಈ ಭಾಗದ ಕೋಟೆಗಳನ್ನು ಒಂದೊಂದಾಗಿ ಹಿಡಿದರು. ಮತ್ತೆ ಯಾರೂ ಹತ್ತಿ ಕೂರಬಾರದು ಅಂತ ದಾರಿಗಳನ್ನು ಒಡೆದು ಹಾಕಿದರು. ಬೆಟ್ಟ ಒಡೆಯೋಕಾಗಲ್ಲ, ಹತ್ತು ಮೆಟ್ಟಿಲು ಒಡೆದರೆ ಸಾಕು. ಎಷ್ಟು ಜಾಣತನದ ಕೆಲಸ ಅಂತ ಆ ಬಂಡೆಗೆ ಅಂಟಿಕೊಂಡು ನಿಂತವರಿಗೆ ಮಾತ್ರ ಗೊತ್ತಾಗುತ್ತದೆ.

ಮೇಲೆ ಹೋದ ಮೇಲೆ ಏನೈತಿ? ಬಾಗಿಲು ದಾಟಿದರೆ ಗಜಲಕ್ಷ್ಮಿಯ ಶಿಲ್ಪವಿದೆ. ನೀರಿನ ತೊಟ್ಟಿಗಳಿವೆ. ಜೀವಾಯಿ ದೇವಿಯ ಪಾಳುಬಿದ್ದ ಗುಡಿಯಿದೆ. ಆಮೇಲೆ ಕಣಜ. ಕಲ್ಲಿನ ಕೋಣೆಗಳು, ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಕಲ್ಲಿನಲ್ಲಿ ತಾವರೆ ಕೆತ್ತಿದ್ದಾರೆ. ಕಾಳು ಇಡುವ ಜಾಗಕ್ಕೆ ಇಷ್ಟು ಚಂದ ಬೇಕಿತ್ತಾ ಅನ್ನಿಸಲಿಲ್ಲ, ಕಾಳು ಇಡುವ ಜಾಗಕ್ಕಲ್ಲದೆ ಇನ್ಯಾವುದಕ್ಕೆ? ನೆಲದ ಮಣ್ಣು ಬೂದಿಯ ಬಣ್ಣ. 1818ರ ಯುದ್ಧದಲ್ಲಿ ಕಣಜಕ್ಕೆ ಬೆಂಕಿ ಬಿತ್ತು, ಆ ಬೂದಿಯೇ ಇದು ಅನ್ನುತ್ತಾರೆ. ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದೆ. ಹಿಟ್ಟಿನಷ್ಟು ನಯ. ಅಲ್ಲೇ ಉದುರಿಸಿದೆ.

ಇನ್ನೊಂದು ಕಾರಣವೂ ಇದೆ, ಅದು ನನ್ನ ಸ್ವಂತದ್ದು. ನಮ್ಮದು ಚನ್ನಗಿರಿ ತಾಲ್ಲೂಕು. ಅಲ್ಲಿನ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಶಹಾಜಿಯ ಸಮಾಧಿ ಇದೆ. ಸ್ಕೂಲಿನಿಂದ ಕರೆದುಕೊಂಡು ಹೋಗಿದ್ದರು. ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಸತ್ತರು, 1664, ಅಂತ ಬಾಯಿಪಾಠ ಮಾಡಿದ್ದೆ. ಅಷ್ಟೇ. ಪುಣೆಗೆ ಬಂದ ಮೇಲೆ ಗೊತ್ತಾಯಿತು, ಅಹ್ಮದ್‌ನಗರದ ನಿಜಾಮಶಾಹಿ ರಾಜ್ಯ ಮುಳುಗುತ್ತಿದ್ದಾಗ ಆ ಮನೆತನದ ಒಬ್ಬ ಪುಟ್ಟ ಹುಡುಗನನ್ನು ಶಹಾಜಿ ಬಿಡಿಸಿಕೊಂಡು ಹೋಗಿ ಪಟ್ಟ ಕಟ್ಟಿದ್ದು ಇದೇ ಜೀವಧನ್‌ನಿಂದ ಅಂತ. 1636ರಲ್ಲಿ ಮೊಗಲರಿಗೆ ಶರಣಾಗಬೇಕಾಯಿತು. ಆಮೇಲೆ ಬಿಜಾಪುರದ ಸೇವೆ, ಬೆಂಗಳೂರಿನ ಜಹಗೀರು, ಕೊನೆಗೆ ನಮ್ಮ ಹೊದಿಗೆರೆ. ಕೋಟೆಯ ಅಂಚಿನಲ್ಲಿ ಕೂತು ದಕ್ಷಿಣಕ್ಕೆ ನೋಡಿದಾಗ ಆ ದೂರ ನನ್ನದೂ ಹೌದು ಅನ್ನಿಸಿತು, ನಾನು ಬಂದದ್ದು ಎದುರು ದಿಕ್ಕಿನಲ್ಲಿ ಅಷ್ಟೇ.

ಹೋಗುವವರಿಗೆ ಒಂದು ಮಾತು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಕಾಲಿಡುವ ಜಾಗ ಕಾಣುವುದಿಲ್ಲ. ಬಂಡೆಗೆ ಮುಖ ಮಾಡಿಯೇ ಇಳಿಯಿರಿ. ದಾರಿ ಬಲ್ಲವರು ಜೊತೆಗಿರಲಿ. ಅವರು ಬೇಡ ಅಂದರೆ ಬೇಡ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಂಡೆ, ಹಗ್ಗ ಯಾವುದಕ್ಕೂ ಬೈಯಲಿಲ್ಲ. ಕಣಜದ ಬೂದಿಯ ವಿಷಯ ಬಂದಾಗ ತಡೆದಳು. "ಸುಟ್ಟ ಬೂದಿನೇ ಅಂತ ಹೆಂಗೆ ಹೇಳ್ತೀಯಾ? ನಿಮ್ಮಜ್ಜಿ ಹುಳ ಬೀಳಬಾರ್ದು ಅಂತ ಕಾಳಿಗೆ ಬೂದಿ ಕಲಸಿ ಇಡ್ತಿರ್ಲಿಲ್ವಾ? ಹಗೇವಿನ ತಳದಲ್ಲಿ ಎಷ್ಟು ಬೂದಿ ಇರ್ತಿತ್ತು!"

ನನಗೆ ಹೊಳೆದೇ ಇರಲಿಲ್ಲ. ಮುಂದಿನ ಡಿಸೆಂಬರ್‌ಗೆ ಮತ್ತೆ ಹೋಗುತ್ತೇನೆ. ಆ ಬೂದಿಯಲ್ಲಿ ಕರಿಕಟ್ಟಿದ ಕಾಳು ಒಂದಾದರೂ ಇದೆಯಾ ಅಂತ ಕೂತು ನೋಡಬೇಕು.