ಬೇರೆ ರಾಜ್ಯದ ಟಿಕೆಟ್, ನಮ್ಮ ಲೈಸೆನ್ಸ್

ಅಮೆರಿಕದಲ್ಲಿ ರಾಜ್ಯ ದಾಟಿ ಕಾರು ಓಡಿಸುವವರೇ, ಅಲ್ಲಿ ಸಿಕ್ಕ ಸ್ಪೀಡಿಂಗ್ ಟಿಕೆಟ್ ಅಲ್ಲಿಗೇ ಮುಗಿಯುವುದಿಲ್ಲ. ಡ್ರೈವರ್ ಲೈಸೆನ್ಸ್ ಕಾಂಪ್ಯಾಕ್ಟ್ ಎಂಬ ಒಪ್ಪಂದದಡಿ ಬಹುತೇಕ ರಾಜ್ಯಗಳು ವಿವರವನ್ನು ನಿಮಗೆ ಲೈಸೆನ್ಸ್ ಕೊಟ್ಟ ರಾಜ್ಯಕ್ಕೆ ಕಳಿಸುತ್ತವೆ. ಪಾಯಿಂಟ್ (ತಪ್ಪಿಗೆ ಲೈಸೆನ್ಸ್ ದಾಖಲೆಯಲ್ಲಿ ಸೇರುವ ಅಂಕ) ಹಾಕುವುದು ಮಾತ್ರ ನಿಮ್ಮ ರಾಜ್ಯದ ಲೆಕ್ಕ. ನ್ಯೂಜೆರ್ಸಿ ಲೈಸೆನ್ಸ್ ಇದ್ದರೆ, ಮಿತಿ ಎಷ್ಟೇ ಮೀರಿರಲಿ, 2 ಪಾಯಿಂಟ್. ನ್ಯೂಯಾರ್ಕ್‌ನದಾದರೆ ಹೊರರಾಜ್ಯದ ಸ್ಪೀಡಿಂಗಿಗೆ ಪಾಯಿಂಟ್ ಇಲ್ಲ. ಆದರೆ ಗಡಿಯಾಚೆ ಕೆನಡಾದ ಒಂಟಾರಿಯೊ, ಕ್ವಿಬೆಕ್‌ನಲ್ಲಿ ಸಿಕ್ಕಿಬಿದ್ದರೆ ಉಂಟು!

ದಂಡ ಕಟ್ಟಿ ಕೈತೊಳೆದುಕೊಂಡರೆ ಸಾಮಾನ್ಯವಾಗಿ ತಪ್ಪು ಒಪ್ಪಿಕೊಂಡಂತೆ. ವಾದ ಇದ್ದರೆ ಕಟ್ಟುವ ಮುಂಚೆಯೇ ಹೇಳಬೇಕು.

ನನಗೆ ಹೆಚ್ಚು ಕಳವಳ ಟಿಕೆಟನ್ನು ಡ್ಯಾಶ್‌ಬೋರ್ಡಿಗೆ ತುರುಕಿ ಮರೆಯುವವರ ಬಗ್ಗೆ. ಉತ್ತರ ಕೊಡದಿದ್ದರೆ ನಾನ್‌ರೆಸಿಡೆಂಟ್ ವಯಲೇಟರ್ ಕಾಂಪ್ಯಾಕ್ಟ್ ಎಂಬ, ರಾಜ್ಯಗಳ ನಡುವಿನ ಇನ್ನೊಂದು ಒಪ್ಪಂದದ ಮೂಲಕ ನಿಮ್ಮ ರಾಜ್ಯವೇ ಲೈಸೆನ್ಸ್ ಸಸ್ಪೆಂಡ್ ಮಾಡಬಹುದು. ಗಡುವಿನ ತಾರೀಖು ಟಿಕೆಟ್ ಮೇಲೆಯೇ ಇರುತ್ತದೆ, ಇವತ್ತೇ ನೋಡಿ.