"ಯಾವ ಡ್ರಿಲ್ ತಗೊಳ್ಳಲಿ ಅಣ್ಣಾ?" ಅಂತ ಕೇಳುವವರಿಗೆ

ವಯರಿಂಗಿಗೆ, ಪ್ಲಂಬಿಂಗಿಗೆ, ಮರದ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ನನ್ನ ಹತ್ತಿರ ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಬ್ಯಾಟರಿ ಡ್ರಿಲ್ ತಗೊಳ್ಬೇಕು, ಯಾವ ಕಂಪನಿದು ಒಳ್ಳೇದು?" ನಮ್ಮ ಕಾಸರಗೋಡು ಕಡೆಯ ಬದಿಯಡ್ಕದಲ್ಲಿ ಕೇಳುತ್ತಾರೆ, ಕುಂಬಳೆಯಲ್ಲಿ ಕೇಳುತ್ತಾರೆ. ಮೊನ್ನೆ ಪೆರ್ಲದಲ್ಲಿ ಬಸ್ಸಿಗೆ ಕಾಯುವಾಗಲೂ ಒಬ್ಬ ಕೇಳಿದ. ಬಸ್ಸು ಬಂತು, ಅರ್ಧ ಉತ್ತರ ಬಾಯಲ್ಲೇ ಉಳಿಯಿತು. ಪೂರ್ತಿ ಉತ್ತರ ಇಲ್ಲಿ ಬರೆಯುತ್ತೇನೆ.

ನಾನು ಮೊದಲು ತಿರುಗಿ ಕೇಳುವುದು ಇಷ್ಟು: ಮುಂದಿನ ಐದಾರು ವರ್ಷ ಯಾವ ಬ್ಯಾಟರಿ ಹಿಡಿದುಕೊಂಡು ತಿರುಗುತ್ತೀ? ಡ್ರಿಲ್ ಕೊಂಡ ಮೇಲೆ ಗ್ರೈಂಡರ್ ಬೇಕಾಗುತ್ತದೆ, ಸ್ಕ್ರೂ ಬಿಗಿಯಲು ಇಂಪ್ಯಾಕ್ಟ್ ಡ್ರೈವರ್ ಬೇಕಾಗುತ್ತದೆ, ಲೈಟ್ ಬೇಕಾಗುತ್ತದೆ, ಇವಕ್ಕೆಲ್ಲ ಅದೇ ಬ್ಯಾಟರಿ ಕೂರಬೇಕು. ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕಂಪನಿಯೊಳಗೂ ನೋಡಬೇಕು. ಬಾಷ್‌ನಲ್ಲಿ ನೀಲಿ ಬಣ್ಣದ್ದು ಕೆಲಸಗಾರರಿಗೆ, ಹಸಿರು ಮನೆ ಬಳಕೆಗೆ, ಎರಡರ 18 ವೋಲ್ಟ್ ಬ್ಯಾಟರಿಯೂ ಬೇರೆ ಬೇರೆ. ಮಕಿಟಾದ 18 ವೋಲ್ಟ್ ಬ್ಯಾಟರಿ ಅವರದೇ 40 ವೋಲ್ಟ್ ಮೆಷಿನಿಗೆ ಆಗುವುದಿಲ್ಲ.

ಇನ್ನೊಂದು ಗೊಂದಲ, 18 ವೋಲ್ಟ್ ದೊಡ್ಡದಾ 20 ವೋಲ್ಟ್ ದೊಡ್ಡದಾ ಅಂತ. ಎರಡೂ ಒಂದೇ. ಒಳಗೆ ಐದು ಸೆಲ್ ಸಾಲಾಗಿ ಇರುತ್ತವೆ. ಒಂದೊಂದು 3.6 ವೋಲ್ಟ್ ಅಂತ ಲೆಕ್ಕ ಹಾಕಿದರೆ 18. ಪೂರ್ತಿ ಚಾರ್ಜ್ ಆದಾಗ ಒಂದೊಂದೂ 4 ವೋಲ್ಟ್ ದಾಟುವುದರಿಂದ ಕೆಲವರು ಅದನ್ನೇ 20 ಅಂತ ಬರೆಯುತ್ತಾರೆ. ಡಬ್ಬದ ಮೇಲಿನ ಆ ಎರಡು ವೋಲ್ಟಿಗೆ ಜಾಸ್ತಿ ದುಡ್ಡು ಕೊಡಬೇಡಿ.

ನಾನು ಮೊದಲ ಸೆಟ್ಟನ್ನು ಕೊಂಡದ್ದು ಬೆಲೆ ನೋಡಿ. ಡ್ರಿಲ್ ಚೆನ್ನಾಗಿಯೇ ಇತ್ತು. ಎರಡು ವರ್ಷಕ್ಕೆ ಬ್ಯಾಟರಿ ಸತ್ತಿತು, ಅಷ್ಟು ಹೊತ್ತಿಗೆ ಆ ಮಾದರಿಯ ಬ್ಯಾಟರಿಯೇ ಮಾರುಕಟ್ಟೆಯಲ್ಲಿ ಇರಲಿಲ್ಲ. ಒಳ್ಳೆಯ ಮೋಟರ್ ಇದ್ದ ಮೆಷಿನ್ ಮೂಲೆಗೆ ಹೋಯಿತು. ತುಂಬಾ ಬೇಜಾರಾಯಿತು. ಹಾಗಾಗಿ ಈಗ ಯಾರೇ ಕೇಳಲಿ, ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಸರ್ವಿಸ್ ಇದೆಯಾ, ಬರೀ ಬ್ಯಾಟರಿ ಬೇರೆಯಾಗಿ ಸಿಗುತ್ತದಾ ಅಂತ ಅಂಗಡಿಯಲ್ಲಿ ಕೇಳಿಯೇ ದುಡ್ಡು ಕೊಡಿ ಅನ್ನುತ್ತೇನೆ.

ಬ್ಯಾಟರಿ ಯಾವುದೆಂದು ತೀರ್ಮಾನವಾದ ಮೇಲೆ ಡ್ರಿಲ್ ಜೊತೆಗೇ ಲೈಟ್ ಕೊಳ್ಳಿ. ಎಲ್ಲರೂ ಇದನ್ನು ಕೊನೆಗೆ ಇಡುತ್ತಾರೆ, ದುಡ್ಡು ಉಳಿದರೆ ನೋಡೋಣ ಅಂತ. ಯೋಚನೆ ಮಾಡಿ, ನಾವು ಬೋರ್ಡಿಗೆ ಕೈ ಹಾಕುವ ಮೊದಲು ಮಾಡುವ ಕೆಲಸ ಏನು? ಮೈನ್ ಆಫ್ ಮಾಡುವುದು. ಮನೆಯ ಬೆಳಕನ್ನು ನಾವೇ ತೆಗೆದು ಆಮೇಲೆ ಸೂಕ್ಷ್ಮ ಕೆಲಸಕ್ಕೆ ಕೂರುತ್ತೇವೆ! ಜೋರು ಮಳೆಯ ಆಟಿ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಮೋಡ ಕವಿದು ಕತ್ತಲಾಗುವ ಊರು ನಮ್ಮದು. ಫೋನಿನ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ವಯರ್ ಜೋಡಿಸುವವರನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಮೂರು ಫೇಸಿನ ಬೋರ್ಡಿನಲ್ಲಿ ನೀಲಿ ವಯರ್ ಫೇಸ್, ಕಪ್ಪು ನ್ಯೂಟ್ರಲ್. ಮಂಕು ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಟೆಸ್ಟರ್ ಹಿಡಿದು ನೋಡಲೇಬೇಕು, ಆದರೆ ಕಣ್ಣೂ ಸರಿ ಹೇಳಬೇಕಲ್ವಾ.

ಲೈಟಿನಲ್ಲಿ ಎಲ್ಲರೂ ಲ್ಯುಮೆನ್, ಅಂದರೆ ಬೆಳಕು ಎಷ್ಟು ಅನ್ನುವುದನ್ನು ಮಾತ್ರ ನೋಡುತ್ತಾರೆ. ನಾನು ಸಿಆರ್‌ಐ ಕೂಡ ನೋಡುತ್ತೇನೆ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ ಅದು, 100ಕ್ಕೆ. 80ಕ್ಕಿಂತ ಕಡಿಮೆ ಇದ್ದರೆ ಬೇಡ, 90 ಸಿಕ್ಕಿದರೆ ಬಿಡಬೇಡಿ. ಒಂದು ಕೋಣೆಗೆ 1000 ಲ್ಯುಮೆನ್ ಧಾರಾಳ. ಸುಮ್ನೆ 5000 ಲ್ಯುಮೆನ್ ಅಂತ ಬೆನ್ನು ಹತ್ತಿದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಹತ್ತಿರದ ಕೆಲಸದಲ್ಲಿ ಕಣ್ಣೂ ಕುಕ್ಕುತ್ತದೆ. ಲೈಟ್ ಎಷ್ಟು ಹೊತ್ತು ಉರಿಯುತ್ತದೆ ಅನ್ನುವ ಲೆಕ್ಕ ಸುಲಭ. ವೋಲ್ಟನ್ನು ಬ್ಯಾಟರಿಯ ಮೇಲೆ ಬರೆದ ಎಎಚ್‌ನಿಂದ (ಆಂಪಿಯರ್ ಅವರ್) ಗುಣಿಸಿ. 18 ವೋಲ್ಟ್, 2 ಎಎಚ್ ಅಂದರೆ 36 ವ್ಯಾಟ್ ಅವರ್. 5 ಎಎಚ್ ಆದರೆ 90. ಎಲ್‌ಇಡಿಯಲ್ಲಿ 1000 ಲ್ಯುಮೆನ್ನಿಗೆ ಸುಮಾರು 10 ವ್ಯಾಟ್ ಹೋಗುತ್ತದೆ. ಅಂದರೆ ಸ್ವಲ್ಪ ನಷ್ಟ ಕಳೆದು ಸಣ್ಣ ಬ್ಯಾಟರಿಯಲ್ಲಿ ಮೂರು ಗಂಟೆ, ದೊಡ್ಡದರಲ್ಲಿ ಎಂಟು ಗಂಟೆ ಅಂತ ಹಿಡಿದುಕೊಳ್ಳಿ.

ಲೈಟಿಗೆ ಕೊಕ್ಕೆ ಇರಲೇಬೇಕು. ಆಯಸ್ಕಾಂತ ಇದೆ ಅಂತ ಅಂಗಡಿಯವರು ಹೊಗಳುತ್ತಾರೆ. ನಮ್ಮ ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆಗೆ ಆಯಸ್ಕಾಂತ ಅಂಟುವುದಿಲ್ಲ. ಹಂಚಿನ ಮನೆಯ ಅಟ್ಟ ಹತ್ತಿದರೆ ಮಾಡಿನ ಮರದ ಪಕ್ಕಾಸಿಗೋ ರೀಪಿಗೋ ನೇತುಹಾಕಲು ಕೊಕ್ಕೆಯೇ ಗತಿ. ಪುಟ್ಟಿ ಹಾಕುವವರಿಗೆ ಒಂದು ಮಾತು: ಲೈಟನ್ನು ಎದುರಿಗೆ ಇಡಬೇಡಿ, ಗೋಡೆಗೆ ಒತ್ತಿ ಬದಿಯಿಂದ ಬಿಡಿ. ಉಬ್ಬು ತಗ್ಗು ಎಲ್ಲ ನೆರಳಾಗಿ ಎದ್ದು ಕಾಣುತ್ತದೆ.

ಈಗ ಡ್ರಿಲ್. ಮುರಕಲ್ಲು ಮೆತ್ತಗಿನ ಕಲ್ಲು, 18 ವೋಲ್ಟಿನ ಸಾಮಾನ್ಯ ಹ್ಯಾಮರ್ ಡ್ರಿಲ್ ಸಲೀಸಾಗಿ ಇಳಿಯುತ್ತದೆ. ಕಾಂಕ್ರೀಟಿನ ಲಿಂಟಲ್, ಬೀಮ್, ಸ್ಲ್ಯಾಬ್ ಬಂದಾಗ ಅದೇ ಡ್ರಿಲ್ ಕಿರುಚುತ್ತದೆ, ಬಿಟ್ ಕೆಂಪಾಗುತ್ತದೆ, ತೂತು ಆಗುವುದಿಲ್ಲ. ಅಲ್ಲಿಗೆ ರೋಟರಿ ಹ್ಯಾಮರ್ ಬೇಕು, ಒತ್ತಿದರೆ ತಾನೇ ಸಿಕ್ಕಿಕೊಳ್ಳುವ ಎಸ್‌ಡಿಎಸ್ ಪ್ಲಸ್ ಬಿಟ್ ಹಾಕುವಂಥದ್ದು. ಒಳಗಿನ ಪಿಸ್ಟನ್ ಗಾಳಿಯ ಒತ್ತಡದಿಂದ ಹೊಡೆತ ಕೊಡುತ್ತದೆ, ನಾವು ಭುಜ ಕೊಟ್ಟು ಒತ್ತಬೇಕಾಗಿಲ್ಲ. ಇಂಪ್ಯಾಕ್ಟ್ ಡ್ರೈವರ್ ಅನ್ನುವುದು ಬೇರೆಯೇ. ಅದು ಸ್ಕ್ರೂ, ಬೋಲ್ಟ್ ಬಿಗಿಯಲಿಕ್ಕೆ, ಗೋಡೆ ಕೊರೆಯಲಿಕ್ಕಲ್ಲ. ಹೆಸರು ಕೇಳಿ ಮೋಸ ಹೋದವರು ನಮ್ಮಲ್ಲಿ ಎಷ್ಟೋ ಮಂದಿ. ಕೈಗೆ ದುಡ್ಡು ಇದ್ದರೆ ಬ್ರಷ್‌ಲೆಸ್ ಮೋಟರ್ ತಗೊಳ್ಳಿ. ಮೋಟರಿನೊಳಗಿನ ಕಾರ್ಬನ್ ಬ್ರಷ್ ಸವೆಯುವ ತಲೆನೋವು ಇಲ್ಲ, ಅದೇ ಚಾರ್ಜಿನಲ್ಲಿ ಜಾಸ್ತಿ ಕೆಲಸ ಆಗುತ್ತದೆ.

ಎಲ್ಲವೂ ಬ್ಯಾಟರಿಯದ್ದೇ ಬೇಕಾ? ಬೇಡ. ದಿನವಿಡೀ ಪೈಪಿಗೆ ಗೋಡೆ ಕತ್ತರಿಸುವುದಿದ್ದರೆ ಕರೆಂಟಿಗೆ ಹಾಕುವ ವಯರಿನ ಕಟ್ಟರ್ ಸಾಕು. ಆದರೆ 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿನಿಂದ ತೆಗೆದುಕೊಳ್ಳಬೇಡಿ. ಒಂದು ಮಳೆಗಾಲ ನನ್ನ ಜೊತೆಯ ಹುಡುಗ ಒದ್ದೆ ಸ್ಲ್ಯಾಬಿನ ಮೇಲೆ ಟೇಪ್ ಸುತ್ತಿದ ಎಕ್ಸ್‌ಟೆನ್ಶನ್ ವಯರ್ ಎತ್ತಿದ. ಶಾಕ್ ಹೊಡೆದು ಹಿಂದಕ್ಕೆ ಬಿದ್ದ. ಸೆಂಟ್ರಿಂಗ್ ಹಲಗೆಯ ರಾಶಿ ಅಡ್ಡ ಇದ್ದುದರಿಂದ ಕೆಳಗೆ ಬೀಳಲಿಲ್ಲ. ಅವತ್ತು ಸಂಜೆ ಅವನ ಅಮ್ಮನ ಎದುರು ನಿಂತು ವಿಷಯ ಹೇಳಿದ್ದು ನನಗೆ ಇನ್ನೂ ಮರೆತಿಲ್ಲ. ಮಳೆಗಾಲದ ಕೆಲಸಕ್ಕೆ ನಾನು ಬ್ಯಾಟರಿ ಮೆಷಿನ್ ಕೊಳ್ಳಲು ಶುರು ಮಾಡಿದ್ದು ಅದಾದ ಮೇಲೆಯೇ.

ಹಾಗಂತ ಬ್ಯಾಟರಿಯನ್ನು ಮಳೆಯಲ್ಲಿ ನೆನೆಸಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೂ ಬಿಡಬೇಡಿ. ಗ್ರೈಂಡರಿನಿಂದ ಬಿಸಿಬಿಸಿ ತೆಗೆದದ್ದನ್ನು ಆಗಲೇ ಚಾರ್ಜಿಗೆ ಹಾಕದೆ ತಣಿಯಲು ಬಿಡಿ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಿ.

ಪೆರ್ಲದ ಹುಡುಗನಿಗೆ ಮರುದಿನ ಫೋನಿನಲ್ಲಿ ಹೇಳಿದ್ದು ಇಷ್ಟು. 18 ವೋಲ್ಟಿನ ಬ್ರಷ್‌ಲೆಸ್ ಹ್ಯಾಮರ್ ಡ್ರಿಲ್ ಒಂದು, 2 ಎಎಚ್‌ದೊಂದು 5 ಎಎಚ್‌ದೊಂದು ಬ್ಯಾಟರಿ, ಅದೇ ಬ್ಯಾಟರಿ ಕೂರುವ ಲೈಟ್ ಒಂದು. ಲೈಟಿನ ಜೊತೆ ಬ್ಯಾಟರಿ ಬೇಡ, ಬರೀ ಬಾಡಿ ಸಾಕು. ಗ್ರೈಂಡರ್ ಮುಂದಿನ ವರ್ಷ ನೋಡು. ರೋಟರಿ ಹ್ಯಾಮರ್ ಬೇಕಾದ ದಿನ ನನ್ನದು ಇದೆ, ಬಂದು ತೆಗೆದುಕೊಂಡು ಹೋಗು ಅಂದಿದ್ದೇನೆ.